ಇದ್ದಿಲಿನ ಒಳಗಿನ ಹತ್ತು ಗುಂಟೆ

ಈ ಸಲ ಅಡಿಕೆ ಸುಗ್ಗಿಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಒಳಗೆ ನಮ್ಮ ಮನೆ. ಅಕ್ಕನ ಮಗಳೂ ಬಂದಿದ್ದಳು. ಒಂಬತ್ತನೇ ಕ್ಲಾಸು. ಅಡಿಕೆ ಬೇಯಿಸುವ ಒಲೆಯ ಹತ್ತಿರ ಓಡಾಡಿ ಹೊಸ ಲಂಗಕ್ಕೆ ಚೊಗರು ಬೀಳಿಸಿಕೊಂಡಳು. ಅಡಿಕೆ ಬೆಂದ ನೀರು ಕುದ್ದು ಕುದ್ದು ಮಂದವಾಗಿ ಕೆಂಪು ಚೊಗರಾಗುತ್ತದಲ್ಲ, ಅದು ಬಟ್ಟೆಗೆ ಬಿದ್ದರೆ ಮುಗೀತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

"ಇದು ಎಂತಕ್ಕೆ ಹೀಗೆ ಅಂಟ್ಕೊಳ್ತದೆ ಮಾಮ?" ಅಂದಳು.

ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವನು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸೋಣ ಅನ್ನಿಸಿತು. ಬಚ್ಚಲೊಲೆಯಿಂದ ಇದ್ದಿಲು ತಂದೆವು. ಮೂರು ಗಾಜಿನ ಲೋಟಕ್ಕೆ ತುಂಬಾ ನೀರು ಬೆರೆಸಿದ ಚೊಗರು ಹಾಕಿದೆವು. ಒಂದನ್ನು ಹಾಗೇ ಬಿಟ್ಟೆವು. ಇನ್ನೊಂದಕ್ಕೆ ನಾಲ್ಕು ಇದ್ದಿಲ ತುಂಡು ಹಾಕಿದೆವು. ಮೂರನೆಯದಕ್ಕೆ ಅಷ್ಟೇ ತೂಕದ ಇದ್ದಿಲನ್ನು ಒರಳಲ್ಲಿ ಕುಟ್ಟಿ ಪುಡಿ ಮಾಡಿ ಹಾಕಿದೆವು. ಬೆಳಿಗ್ಗೆ ಎದ್ದು ಮೂರನ್ನೂ ಬಟ್ಟೆಯಲ್ಲಿ ಸೋಸಿ ನೋಡಿದರೆ ತುಂಡು ಹಾಕಿದ ಲೋಟದ ಬಣ್ಣ ಹೆಚ್ಚುಕಮ್ಮಿ ಹಾಗೇ ಇತ್ತು. ಪುಡಿ ಹಾಕಿದ್ದು ಮಾತ್ರ ಕಣ್ಣಿಗೆ ಕಾಣುವಷ್ಟು ತಿಳಿಯಾಗಿತ್ತು.

ಇದ್ದಿಲಿನ ಒಳಗೆಲ್ಲ ತೂತು ಇದೆ, ಆ ತೂತಿನ ಗೋಡೆಗೆ ಬಣ್ಣ ಅಂಟುತ್ತದೆ ಎಂದು ರಾತ್ರಿಯೇ ಹೇಳಿದ್ದೆ. ಅವಳು ಅದನ್ನು ಮರೆತಿರಲಿಲ್ಲ. "ಒಳಗೆ ಅಷ್ಟು ಜಾಗ ಇದ್ರೆ ತುಂಡಿನ ಒಳಗೆ ಯಾಕೆ ಹೋಗ್ಲಿಲ್ಲ? ತೂತು ಬಾಗಿಲಿದ್ದ ಹಾಗೇ ಅಲ್ವಾ?"

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡುಬಿಟ್ಟಿತು. ಅವತ್ತು ನಾನು ಕೊಟ್ಟ ಉತ್ತರ ಅರ್ಧಂಬರ್ಧ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ, ಅವಳು ಓದಲಿ ಅಂತ.

ಮೊದಲು ಅಂಟುವ ವಿಷಯ. ಸ್ಪಂಜು ನೀರು ಕುಡಿಯುವುದೇ ಬೇರೆ, ಇದೇ ಬೇರೆ. ಇಲ್ಲಿ ಅಣುಗಳು ವಸ್ತುವಿನ ಮೈಮೇಲೆ, ಬರೀ ಮೈಮೇಲೆ, ಒಂದು ಪದರವಾಗಿ ಬಂದು ಕೂರುತ್ತವೆ. ಇದಕ್ಕೆ ಅಡ್ಸಾರ್ಪ್ಶನ್ ಅನ್ನುತ್ತಾರೆ. ಮೈ ಜಾಸ್ತಿ ಇದ್ದಷ್ಟೂ ಕೂರುವ ಜಾಗ ಜಾಸ್ತಿ. ಒಲೆಯ ಇದ್ದಿಲು ಇದರಲ್ಲಿ ಸಾಧಾರಣ. ಅದೇ ಕರಟದ ಇದ್ದಿಲನ್ನು 800 ಡಿಗ್ರಿಗೂ ಮೇಲೆ ಕಾಯಿಸಿ ಹಬೆ ಹಾಯಿಸಿದರೆ ಸಣ್ಣ ಸಣ್ಣ ತೂತುಗಳು ತೆರೆದುಕೊಳ್ಳುತ್ತವೆ. ನೀರಿನ ಫಿಲ್ಟರಿಗೆ ಹಾಕುವ ಆಕ್ಟಿವೇಟೆಡ್ ಕಾರ್ಬನ್ ಅಂದರೆ ಇದು. ಅದರ ಒಂದು ಗ್ರಾಂನಲ್ಲಿ ಸುಮಾರು 1000 ಚದರ ಮೀಟರ್ ಮೈ ಇರುತ್ತದೆ. ಒಂದು ಗುಂಟೆ ಅಂದರೆ 101 ಚದರ ಮೀಟರ್. ಅಂದರೆ ಚಿಟಿಕೆ ಪುಡಿಯ ಒಳಗೆ ಹತ್ತು ಗುಂಟೆ ತೋಟ! ಪ್ರತಿ ವರ್ಷ ಕ್ಲಾಸಿನಲ್ಲಿ ಈ ಲೆಕ್ಕ ಹೇಳುವಾಗ ನನಗೇ ಮೈ ಜುಂ ಅನ್ನುತ್ತದೆ.

ಈ ಹತ್ತು ಗುಂಟೆಯನ್ನು ಅಳೆಯುವುದು ಹೇಗೆ? 1938ರಲ್ಲಿ ಬ್ರುನಾವರ್, ಎಮೆಟ್, ಟೆಲ್ಲರ್ ಎಂಬ ಮೂವರು ಒಂದು ದಾರಿ ತೋರಿಸಿದರು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ನೈಟ್ರೋಜನ್ ಅನಿಲವನ್ನು ಒಳಗೆ ಬಿಟ್ಟು, ಎಷ್ಟು ಅಣು ಅಂಟಿತು ಅಂತ ಲೆಕ್ಕ ಹಾಕಿ, ಒಂದು ಅಣು ಹಿಡಿಯುವ ಜಾಗದಿಂದ ಗುಣಿಸುವುದು. ಇವತ್ತಿಗೂ ಲ್ಯಾಬುಗಳಲ್ಲಿ ನಡೆಯುವುದು ಇದೇ.

ಆದರೆ ಅಳತೆಗೋಲು ಬದಲಾದರೆ ಅಳತೆಯೂ ಬದಲಾಗುತ್ತದೆ. ಅಂಗಳದಲ್ಲಿ ಅಡಿಕೆ ಹರವುವುದನ್ನು ನೆನೆಸಿಕೊಳ್ಳಿ. ಚಪ್ಪಟೆ ಅಂಗಳ, ಒಂದೇ ಪದರ. ಅಡಿಕೆಯ ಅಡ್ಡಳತೆ ಅರ್ಧ ಆದರೆ ಅದೇ ಅಂಗಳಕ್ಕೆ ನಾಲ್ಕು ಪಟ್ಟು ಅಡಿಕೆ ಬೇಕು. ಅಂಗಳ ಬಿಟ್ಟು ಒಂದು ಪೆಟ್ಟಿಗೆ ತುಂಬುವುದಾದರೆ ಎಂಟು ಪಟ್ಟು. ನಾಲ್ಕು ಅಂದರೆ ಎರಡು ಎರಡನ್ನು ಗುಣಿಸಿದ್ದು, ಎಂಟು ಅಂದರೆ ಮೂರು ಎರಡನ್ನು. ಅದಕ್ಕೇ ಅಂಗಳದ ಆಯಾಮ 2, ಪೆಟ್ಟಿಗೆಯದು 3. ಈಗ ಅಂಗಳವೂ ಅಲ್ಲ, ಪೆಟ್ಟಿಗೆಯೂ ಅಲ್ಲ. ಗುಂಡಿಯೊಳಗೆ ಗುಂಡಿ, ಅದರೊಳಗೆ ಇನ್ನೂ ಸಣ್ಣ ಗುಂಡಿ ಇರುವ ನೆಲ ಅಂದುಕೊಳ್ಳಿ. ದೊಡ್ಡ ಅಡಿಕೆ ದೊಡ್ಡ ಗುಂಡಿಯ ಬಾಯಲ್ಲೇ ಕೂರುತ್ತದೆ. ಸಣ್ಣದು ಮಾತ್ರ ಕೆಳಗಿಳಿಯುತ್ತದೆ. ಅಲ್ಲಿ ಅಳತೆ ಅರ್ಧ ಮಾಡಿದರೆ ನಾಲ್ಕಕ್ಕಿಂತ ಜಾಸ್ತಿ, ಎಂಟಕ್ಕಿಂತ ಕಮ್ಮಿ ಬೇಕಾಗುತ್ತದೆ. ಐದೂವರೆ ಚಿಲ್ಲರೆ ಬೇಕಾದರೆ ಆ ಮೈಯ ಆಯಾಮ 2.5 ಎಂದು ಲೆಕ್ಕ. ಎರಡೂ ಅಲ್ಲ, ಮೂರೂ ಅಲ್ಲ. ಇಂಥ ಆಕಾರಗಳಿಗೆ ಮ್ಯಾಂಡೆಲ್‌ಬ್ರೋ 1975ರಲ್ಲಿ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. 1983ರ ಹೊತ್ತಿಗೆ ಫೈಫರ್ ಮತ್ತು ಆವ್ನೀರ್ ಎಂಬಿಬ್ಬರು ಈ ಅಡಿಕೆ ಲೆಕ್ಕವನ್ನೇ ಅಣುಗಳಲ್ಲಿ ಮಾಡಿದರು. ಬೇರೆ ಬೇರೆ ಗಾತ್ರದ ಅಣುಗಳನ್ನು ಒಂದೇ ಮೈಮೇಲೆ ಕೂರಿಸಿ ಎಣಿಸಿದರು. ಗ್ರಾಫೈಟ್‌ನಂಥ ನಯವಾದ ಇಂಗಾಲಕ್ಕೆ 2ರ ಹತ್ತಿರ ಬಂತು. ಕೆಲವು ಸಿಲಿಕಾ ಜೆಲ್‌ಗಳಿಗೆ 3ರ ಹತ್ತಿರ ಬಂತು.

ಇದ್ದಿಲು ವ್ಯಾಪಾರದವರೂ ಇದನ್ನೇ ಮಾಡುತ್ತಾರೆ, ಆಯಾಮದ ಮಾತೆತ್ತದೆ. ಆಕ್ಟಿವೇಟೆಡ್ ಕಾರ್ಬನ್ನಿನ ಗುಣ ನೋಡಲು ಮೂರು ಪರೀಕ್ಷೆ ಇವೆ. ಅತಿ ಸಣ್ಣ ತೂತಿಗೆ ಅಯೋಡಿನ್, ಮಧ್ಯಮ ತೂತಿಗೆ ಮಿಥಿಲೀನ್ ಬ್ಲೂ, ದೊಡ್ಡ ತೂತಿಗೆ ಕಾಕಂಬಿ. ಹೌದು, ಸಕ್ಕರೆ ಕಾರ್ಖಾನೆಯ ಅದೇ ಕಪ್ಪು ಕಾಕಂಬಿ. ಅದರ ಬಣ್ಣದ ಅಣುಗಳು ದೊಡ್ಡವು, ಸಣ್ಣ ತೂತಿಗೆ ಹಿಡಿಸುವುದಿಲ್ಲ. ಚೊಗರಿಗೆ ಬಣ್ಣ ಕೊಡುವ ಟ್ಯಾನಿನ್ನೂ ಈ ದೊಡ್ಡವರ ಗುಂಪಿನದು. ಶಿವಮೊಗ್ಗಕ್ಕೆ ವಾಪಸ್ ಬಂದಮೇಲೆ ಅದೇ ಇದ್ದಿಲ ಪುಡಿಯನ್ನು ಅಯೋಡಿನ್ ನೀರಿಗೆ ಹಾಕಿ ನೋಡಿದೆ. ಚೊಗರಿಗಿಂತ ಎಷ್ಟೋ ಬೇಗ ಬಣ್ಣ ಇಳಿಯಿತು. ಇವೆರಡೂ ಬೇರೆ ಬೇರೆ ವಸ್ತು, ಅಂಟುವ ಗುಣವೂ ಬೇರೆ. ಹಾಗಾಗಿ ಗಾತ್ರವೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಅದೂ ಒಂದು ಕಾರಣ.

ಇದು ಅವಳ ಪ್ರಶ್ನೆಗೆ ಅರ್ಧ ಉತ್ತರ: ಕೆಲವು ಬಾಗಿಲು ಚೊಗರಿಗೆ ತೀರಾ ಚಿಕ್ಕದು. ಆದರೆ ದೊಡ್ಡ ಬಾಗಿಲುಗಳೂ ಇದ್ದವಲ್ಲ, ಅಲ್ಲಿ?

ಅಲ್ಲಿ ಬರುವುದು ಅಲೆದಾಟ. ನೀರಿನಲ್ಲಿರುವ ಅಣುವಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲ. ಸುತ್ತಲಿನ ನೀರಿನ ಅಣುಗಳು ದೂಡಿದ ಕಡೆ ಹೋಗುತ್ತದೆ, ಮರುಕ್ಷಣ ಇನ್ನೊಂದು ಕಡೆ. 1827ರಲ್ಲಿ ರಾಬರ್ಟ್ ಬ್ರೌನ್ ಹೂವಿನ ಪರಾಗದಿಂದ ಹೊರಬಂದ ಸಣ್ಣ ಕಣಗಳಲ್ಲಿ ಈ ಕುಣಿತ ನೋಡಿದ. 1905ರಲ್ಲಿ ಐನ್‌ಸ್ಟೈನ್ ಅದರ ಲೆಕ್ಕ ಕೊಟ್ಟರು. ದಿಕ್ಕಿಲ್ಲದೆ ಅಲೆಯುವವನು ಎರಡು ಪಟ್ಟು ದೂರ ಹೋಗಲು ನಾಲ್ಕು ಪಟ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ನೀರಿನಲ್ಲಿ ಒಂದು ಸಣ್ಣ ಅಣು ಒಂದು ಮಿಲಿಮೀಟರ್ ಸರಿಯಲು ಸುಮಾರು ಎಂಟು ನಿಮಿಷ. ಒಂದು ಸೆಂಟಿಮೀಟರಿಗೆ ಹದಿನಾಲ್ಕು ಗಂಟೆ! ಇದ್ದಿಲ ತುಂಡಿನ ನಡುವಿಗೆ ಚೊಗರು ರಾತ್ರಿ ಬೆಳಗಾಗುವುದರೊಳಗೆ ತಲುಪಲಿಲ್ಲ ಅಂದರೆ ಆಶ್ಚರ್ಯ ಏನಿದೆ? ಅದೂ ಇದು ಬಯಲಿನ ಲೆಕ್ಕ. ಇದ್ದಿಲಿನ ಒಳಗೆ ಬಯಲು ಎಲ್ಲಿ? ಕವಲು, ತಿರುವು, ಮುಂದೆ ದಾರಿಯೇ ಇಲ್ಲದ ಓಣಿ. ದೆ ಜೆನ್ ಎಂಬ ಫ್ರೆಂಚ್ ವಿಜ್ಞಾನಿ 1976ರಲ್ಲಿ ಇದನ್ನು ಚಕ್ರವ್ಯೂಹದೊಳಗಿನ ಇರುವೆಗೆ ಹೋಲಿಸಿದರು. ಆ ಹೆಸರೇ ಉಳಿಯಿತು. ತ್ರಿಕೋನದೊಳಗೆ ತ್ರಿಕೋನ ಕತ್ತರಿಸುತ್ತಾ ಹೋದರೆ ಸಿಗುವ ಸಿಯರ್ಪಿನ್‌ಸ್ಕಿ ಆಕಾರದ ಮೇಲೆ ಇರುವೆ ಬಿಟ್ಟರೆ, ಎರಡು ಪಟ್ಟು ದೂರಕ್ಕೆ ನಾಲ್ಕಲ್ಲ, ಸರಿಯಾಗಿ ಐದು ಪಟ್ಟು ಹೊತ್ತು ಬೇಕು. ನಾಲ್ಕಕ್ಕೂ ಐದಕ್ಕೂ ಏನು ಮಹಾ ಅನ್ನಿಸಬಹುದು. ಹತ್ತು ಸಲ ದೂರವನ್ನು ಇಮ್ಮಡಿ ಮಾಡಿ ನೋಡಿ. ಬಯಲಿಗಿಂತ ಒಂಬತ್ತು ಪಟ್ಟಿಗೂ ಮೀರಿ ತಡವಾಗುತ್ತದೆ.

ಈಗ ನನಗೆ ತುಂಬಾ ಇಷ್ಟದ ಭಾಗ.

ಅಲೆಯುತ್ತಾ ಬರುವ ಕಣ ಗೋಡೆ ಮುಟ್ಟಿದ ಕೂಡಲೇ ಅಂಟಿಕೊಳ್ಳುತ್ತದೆ ಅಂದುಕೊಳ್ಳೋಣ. ಒಮ್ಮೆ ಮುಟ್ಟಿದರೆ ಬಿಡುವ ಮಾತಿಲ್ಲ. ಗೋಡೆ ಕೊಂಕು ಕೊಂಕಾಗಿದೆ. ಕೆಲವು ಮೂಲೆ ಮುಂದೆ ಚಾಚಿವೆ, ಕೆಲವು ಸಂದು ಒಳಗೆ ಸರಿದಿವೆ. ಕಣ ಎಲ್ಲಿ ಅಂಟುತ್ತದೆ? ಚಾಚಿದ ತುದಿಯಲ್ಲಿ. ಒಳಗಿನ ಸಂದಿಗೆ ಹೋಗಬೇಕಾದರೆ ಅದು ದಾರಿಯಲ್ಲಿ ಒಮ್ಮೆಯೂ ಗೋಡೆ ಮುಟ್ಟದೆ ಹೋಗಬೇಕು. ಅಡ್ಡಾದಿಡ್ಡಿ ಅಲೆಯುವವನಿಗೆ ಅದು ಆಗದ ಮಾತು. ಹೀಗೆ ತುದಿಗಳು ಸಂದುಗಳಿಗೆ ಮರೆಯಾಗುತ್ತವೆ. 1985ರಲ್ಲಿ ಮಕರೋವ್ ಎಂಬ ಗಣಿತಜ್ಞ ಇದನ್ನು ಸಾಧಿಸಿಯೇ ತೋರಿಸಿದರು. ಹಾಳೆಯ ಮೇಲೆ ಒಂದು ಮುಚ್ಚಿದ ಗೆರೆ ಎಷ್ಟೇ ಸೊಟ್ಟಂಬಟ್ಟ ಇರಲಿ, ಅದರ ಆಯಾಮ ಎಷ್ಟೇ ಜಾಸ್ತಿ ಇರಲಿ, ಅಲೆದು ಬರುವ ಕಣಗಳು ನಿಜವಾಗಿ ಮುಟ್ಟುವ ಭಾಗದ ಆಯಾಮ ಮಾತ್ರ 1. ಸಾದಾ ಗೆರೆಯಷ್ಟೇ. ಉಳಿದ ಕೊಂಕೆಲ್ಲ ಅವುಗಳ ಪಾಲಿಗೆ ಇದ್ದೂ ಇಲ್ಲದ ಹಾಗೆ.

ನಮ್ಮ ಅಡುಗೆಮನೆಯ ಮಾಡು ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಸೌದೆ ಒಲೆಯ ಮೇಲೆ ನೇತಾಡುವ ಇಲ್ಲಣ. ಕಣ್ಣಿಗೆ ಕಾಣುವ ಎಳೆ ಜೇಡನದ್ದು. ಆದರೆ ಅದರ ಮೇಲೆ ಕೂತ ಮಸಿಯ ಒಂದೊಂದು ಗೊಂಚಲೂ ಕಣಕ್ಕೆ ಕಣ ಅಂಟಿ ಬೆಳೆದದ್ದು. ಹೊಸದಾಗಿ ಬಂದ ಕಣ ಗೊಂಚಲಿನ ತುದಿಗೇ ಸಿಕ್ಕಿಬೀಳುತ್ತದೆ, ತುದಿ ಇನ್ನೂ ಚಾಚುತ್ತದೆ, ಮುಂದಿನ ಕಣ ಒಳಗೆ ಹೋಗುವುದು ಇನ್ನೂ ಕಷ್ಟವಾಗುತ್ತದೆ. ಅದಕ್ಕೇ ಇಲ್ಲಣ ಅಷ್ಟು ಹಗುರ, ಊದಿದರೆ ಹಾರುತ್ತದೆ. 1979ರಲ್ಲಿ ಫಾರೆಸ್ಟ್ ಮತ್ತು ವಿಟನ್ ಕಬ್ಬಿಣ, ಸತುವಿನಂಥ ವಸ್ತುಗಳ ಹೊಗೆಯ ಕಣಗಳ ಚಿತ್ರ ತೆಗೆದು ಅಳೆದಾಗ ಗೊಂಚಲಿನ ಆಯಾಮ 1.7ರಿಂದ 1.9ರ ನಡುವೆ ಬಂತು. ಎರಡು ವರ್ಷದ ಮೇಲೆ ಅದೇ ವಿಟನ್, ಸ್ಯಾಂಡರ್ ಜೊತೆ ಸೇರಿ, ಒಂದೊಂದೇ ಕಣವನ್ನು ಕಂಪ್ಯೂಟರಿನಲ್ಲಿ ಅಲೆಯಲು ಬಿಟ್ಟು ಇಂಥದ್ದೇ ಗೊಂಚಲು ಬೆಳೆಸಿದರು. ಅಂಗಳದಲ್ಲಿ ಚೆಲ್ಲಿದ ನೀರು ಕವಲೊಡೆದ ಹಾಗೆ ಕಾಣುತ್ತದೆ ಅದು.

ಸರಿ, ಈಗ ಉಲ್ಟಾ ಯೋಚಿಸಿ. ಗೋಡೆಗೆ ಅಂಟುವ ಗುಣ ಕಮ್ಮಿ ಇದ್ದರೆ? ನೂರು ಸಲ ಮುಟ್ಟಿದರೆ ಒಮ್ಮೆ ಮಾತ್ರ ಅಂಟುವ ಹಾಗಿದ್ದರೆ? ಆಗ ಕಣ ತುದಿಗೆ ಬಡಿದು ವಾಪಸ್ ಹೋಗುತ್ತದೆ, ಇನ್ನೊಂದು ಗೋಡೆಗೆ ಬಡಿಯುತ್ತದೆ, ಹಾಗೇ ಜಾರಿ ಜಾರಿ ಸಂದಿಯ ಒಳಗೆ ಇಳಿಯುತ್ತದೆ. ಎಲ್ಲ ಕಡೆಗೂ ಒಂದೊಂದು ಪಾಲು ಸಿಗುತ್ತದೆ. ಬೇಗ ಅಂಟಿದರೆ ಹೊರಗಿನ ಸಿಪ್ಪೆ ಮಾತ್ರ ಕೆಲಸ ಮಾಡುತ್ತದೆ, ನಿಧಾನ ಅಂಟಿದರೆ ಇಡೀ ಹತ್ತು ಗುಂಟೆ. ಜೋರಾಗಿ ಹಿಡಿಯುವ ಗೋಡೆಯೇ ತನ್ನ ಒಳಜಾಗವನ್ನು ಸದ್ಯಕ್ಕೆ ಖಾಲಿ ಬಿಡುತ್ತದೆ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ತುಂಗಾ ಸೇತುವೆ ತನಕ ನಡೆದು ಬಂದಿದ್ದೆ.

ಲೆಕ್ಕದಲ್ಲಿ ಇದಕ್ಕೊಂದು ಉದ್ದವೂ ಇದೆ. ಕಣ ಎಷ್ಟು ಚುರುಕಾಗಿ ಹರಡುತ್ತದೆ ಅನ್ನುವುದನ್ನು ಗೋಡೆ ಎಷ್ಟು ಚುರುಕಾಗಿ ಹಿಡಿಯುತ್ತದೆ ಅನ್ನುವುದರಿಂದ ಭಾಗಿಸಿದರೆ ಮೀಟರಿನಲ್ಲಿ ಅಳೆಯುವ ಒಂದು ಉದ್ದ ಬರುತ್ತದೆ. ಒಂದು ಸಂದಿಯ ಗೋಡೆಯನ್ನು ಅದರ ಕೊಂಕಿನುದ್ದಕ್ಕೂ ನೂಲು ಹಿಡಿದು ಅಳೆಯಿರಿ. ನೂಲು ಆ ಉದ್ದಕ್ಕಿಂತ ಗಿಡ್ಡ ಇದ್ದರೆ ಇಡೀ ಸಂದಿ ಕೆಲಸಕ್ಕೆ ಬಂತು. ತುಂಬಾ ಉದ್ದ ಇದ್ದರೆ ಬಾಯಿಯ ಹತ್ತಿರದ ಭಾಗ ಮಾತ್ರ. ಫ್ರಾನ್ಸಿನ ಬರ್ನಾರ್ಡ್ ಸಪೊವಾಲ್ ಮತ್ತು ಅವರ ಜೊತೆಯವರು ಇದನ್ನು ನಮ್ಮ ಶ್ವಾಸಕೋಶಕ್ಕೂ ಹಚ್ಚಿ ನೋಡಿದರು. ಅಲ್ಲಿಯೂ ಇದೇ ಕಥೆ. ಗಾಳಿಯ ಕೊಳವೆ ಸುಮಾರು 23 ಸಲ ಕವಲೊಡೆಯುತ್ತದೆ, ಒಳಗಿನ ಮೈ ಹರವಿದರೆ ಮುಕ್ಕಾಲು ಗುಂಟೆಯ ಹತ್ತಿರ. ಸ್ವಲ್ಪ ದೂರ ಆಮ್ಲಜನಕ ಗಾಳಿಯ ಜೊತೆ ಬರುತ್ತದೆ, ಆಮೇಲೆ ಅಲೆದುಕೊಂಡೇ ಹೋಗಬೇಕು. ಸುಮ್ನೆ ಕೂತಿದ್ದಾಗ ಅಲೆದಾಟ ಬೇಗ ಶುರುವಾಗುತ್ತದೆ, ಕೊನೆಯ ಕವಲುಗಳ ಬಾಗಿಲ ಹತ್ತಿರದ ಗಾಳಿಚೀಲಗಳೇ ಹೆಚ್ಚಿನದನ್ನು ಹಿಡಿದುಕೊಳ್ಳುತ್ತವೆ, ಒಳಗಿನವು ಅರೆಖಾಲಿ. ಕವಲೇದುರ್ಗ ಹತ್ತುವಾಗ ಏದುಸಿರು ಬಿಡುತ್ತೇವಲ್ಲ, ಆಗ ಗಾಳಿ ಜೋರಾಗಿ ಇನ್ನೂ ಒಳಗಿನವರೆಗೆ ನುಗ್ಗುತ್ತದೆ, ಖಾಲಿ ಇದ್ದ ಚೀಲಗಳು ಕೆಲಸಕ್ಕೆ ಇಳಿಯುತ್ತವೆ. ಹತ್ತಲು ಬೇಕಾದ ಉಸಿರು ನಮ್ಮೊಳಗೇ ಮೀಸಲಾಗಿ ಇರುತ್ತದೆ.

ಹೊತ್ತಿನ ಲೆಕ್ಕವೂ ವಿಚಿತ್ರ. ಚಪ್ಪಟೆ ಗೋಡೆಗೆ ಕಣಗಳು ಅಲೆದು ಬಂದು ಅಂಟುವಾಗ, ಅಂಟಿದ್ದು ಎರಡು ಪಟ್ಟು ಆಗಲು ನಾಲ್ಕು ಪಟ್ಟು ಹೊತ್ತು ಬೇಕು. ಆಯಾಮ 2.5 ಇರುವ ಗೋಡೆಗಾದರೆ ಹದಿನಾರು ಪಟ್ಟು. ಸಂದಿಯೊಳಗಿನ ನೀರಿನಲ್ಲಿದ್ದ ಕಣಗಳನ್ನು ಸುತ್ತಲಿನ ಗೋಡೆಗಳೆಲ್ಲ ಸೇರಿ ಮೊದಲೇ ಹಿಡಿದು ಮುಗಿಸುತ್ತವೆ. ಆಮೇಲೆ ದೂರದಿಂದ ಬರಬೇಕು. ಮೊದಲು ಭರಭರ, ಆಮೇಲೆ ಎಳೆದ ಹಾಗೆ.

ತೋಟದವರಿಗೆ ಇದು ಬೇರೆ ರೂಪದಲ್ಲಿ ಗೊತ್ತು. ನಮ್ಮ ಮಲೆನಾಡಿನ ಕೆಂಪು ಮಣ್ಣಿಗೆ ರಂಜಕದ ಗೊಬ್ಬರ ಹಾಕಿದರೆ ಬೇರಿಗೆ ಸಿಗುವುದಕ್ಕಿಂತ ಮಣ್ಣು ಹಿಡಿದಿಟ್ಟುಕೊಳ್ಳುವುದೇ ಜಾಸ್ತಿ. ಜಂಬಿಟ್ಟಿಗೆ ಒಡೆದು ನೋಡಿ, ಒಳಗೆಲ್ಲ ತೂತು, ಕೆಂಪು ಹಳದಿ ಕಬ್ಬಿಣದ ಆಕ್ಸೈಡು. (ಬುಕಾನನ್ 1807ರಲ್ಲಿ ಮಲಬಾರಿನ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ. ನಮ್ಮ ಹೆಸರಿನಲ್ಲೂ ಇಟ್ಟಿಗೆ ಇದೆ!) ರಂಜಕ ಆ ಆಕ್ಸೈಡಿನ ಮೈಗೆ ಗಂಟೆಗಳಲ್ಲಿ ಅಂಟುತ್ತದೆ. ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಸೂಕ್ಷ್ಮ ತೂತುಗಳ ಒಳಗೆ ಸರಿಯುತ್ತಲೇ ಇರುತ್ತದೆ. ಅಷ್ಟು ಒಳಗೆ ಹೋದದ್ದನ್ನು ಬೇರು ಹೊರಗೆಳೆಯುವುದು ಕಷ್ಟ. ಅಪ್ಪಯ್ಯ ಗೊಬ್ಬರವನ್ನು ಬಯಲಿಗೆ ಎರಚದೆ ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಬುಡಕ್ಕೇ ಹಾಕುತ್ತಿದ್ದದ್ದು ಸರಿಯಾಗಿಯೇ ಇತ್ತು. ಕೊಳೆತ ಸೊಪ್ಪಿನ ಆಮ್ಲಗಳೂ ಅದೇ ಜಾಗಕ್ಕೆ ಅಂಟುತ್ತವೆ, ರಂಜಕಕ್ಕೆ ಕೂರಲು ಸೀಟು ಕಮ್ಮಿಯಾಗುತ್ತದೆ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಿಜವಾದ ಇದ್ದಿಲು, ನಿಜವಾದ ಮಣ್ಣು ಪುಸ್ತಕದ ಫ್ರ್ಯಾಕ್ಟಲ್ ಅಲ್ಲ. ಪುಸ್ತಕದಲ್ಲಿ ಸಂದಿಯೊಳಗೆ ಸಂದಿ ಕೊನೆಯಿಲ್ಲದೆ ಹೋಗುತ್ತದೆ, ಇಲ್ಲಿ ಅಣುವಿನ ಗಾತ್ರಕ್ಕೆ ಬಂದು ನಿಲ್ಲಲೇಬೇಕು. 1998ರಲ್ಲಿ ಅದೇ ಆವ್ನೀರ್ ಮತ್ತು ಅವರ ಜೊತೆಯವರು ಹಳೆಯ ಪ್ರಯೋಗಗಳನ್ನೆಲ್ಲ ಹರವಿ ನೋಡಿದಾಗ, ಹೆಚ್ಚಿನವು ಅಳತೆಯಲ್ಲಿ ಹತ್ತಿಪ್ಪತ್ತು ಪಟ್ಟಿನ ವ್ಯಾಪ್ತಿಯಲ್ಲಿ ಮಾತ್ರ ಫ್ರ್ಯಾಕ್ಟಲ್ ಅನ್ನಿಸಿಕೊಂಡಿದ್ದವು. ತಾವೇ ಬೆಳೆಸಿದ ವಿಷಯವನ್ನು ತಾವೇ ಹೀಗೆ ಅಳೆದು ನೋಡಿದ್ದು ನನಗೆ ತುಂಬಾ ಹಿಡಿಸಿತು. ಆ ಚಿಕ್ಕ ವ್ಯಾಪ್ತಿಯಲ್ಲೂ ಲೆಕ್ಕ ಕೆಲಸಕ್ಕೆ ಬರುತ್ತದೆ, ಅಷ್ಟು ಸಾಕು ನನಗೆ.

ಅವತ್ತು ಲೋಟ ತೊಳೆಯುವಾಗ ಅವಳು ಇನ್ನೊಂದು ಕೇಳಿದಳು. "ಪುಡಿ ಮಾಡಿದ್ರೆ ಒಳಗಿನ ಜಾಗ ಹೊರಗೆ ಬರ್ತದೆ. ಹಾಗಾದ್ರೆ ಇನ್ನೂ ನುಣ್ಣಗೆ ಮಾಡಿದ್ರೆ ಇನ್ನೂ ಒಳ್ಳೇದಲ್ವಾ?"

ಅಜ್ಜಿ ಅಲ್ಲೇ ಜಗಲಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದಳು. ಆಷಾಢದಲ್ಲಿ ಬಾವಿ ನೀರು ಕೆಂಪಾದಾಗ ಮೊದಲೆಲ್ಲ ಮೂರು ಕೊಡ ಒಂದರ ಮೇಲೊಂದು ಇಟ್ಟು ಸೋಸುತ್ತಿದ್ದೆವು. ಮೇಲಿನದರಲ್ಲಿ ಇದ್ದಿಲು, ನಡುವಿನದರಲ್ಲಿ ಮರಳು, ಕೆಳಗಿನದು ಖಾಲಿ. ಆಮೇಲೆ ಕುದಿಸಿಯೇ ಕುಡಿಯುತ್ತಿದ್ದೆವು, ಇದ್ದಿಲು ರೋಗಾಣುವನ್ನು ಕೊಲ್ಲುವುದಿಲ್ಲವಲ್ಲ. ಆ ಇದ್ದಿಲು ಕುಟ್ಟುವ ಕೆಲಸ ನನ್ನದಾಗಿತ್ತು.

"ನುಣ್ಣಗೆ ಮಾಡಿದ್ರೆ ನೀರು ಇಳಿಯೋದೇ ಇಲ್ಲ ಮಗಾ" ಅಂದಳು ಅಜ್ಜಿ, ಕೈಯಲ್ಲಿದ್ದ ಅಡಿಕೆ ಬಿಡದೆ. "ಕಡ್ಲೆ ಗಾತ್ರ ಸಾಕು. ನಿನ್ ಮಾಮಂಗೆ ಎಷ್ಟು ಸಲ ಹೇಳಿದೀನಿ."

ಶ್ವಾಸಕೋಶದ ಲೆಕ್ಕದಲ್ಲಿ ಸಪೊವಾಲ್ ಗುಂಪು 2002ರಲ್ಲಿ ಮುಟ್ಟಿದ್ದೂ ಇಂಥದ್ದೇ ಜಾಗವನ್ನು: ಉಸಿರಿನ ಕೊನೆಯ ಕವಲುಗಳ ಗೊಂಚಲು ಸಣ್ಣದಿದ್ದಷ್ಟೂ ಒಳ್ಳೆಯದು, ಆದರೆ ತೀರಾ ಸಣ್ಣದಾಗಬಾರದು. ಮುಂದಿನ ಸುಗ್ಗಿಗೆ ನಾಲ್ಕನೇ ಲೋಟ ಇಡುತ್ತೇವೆ, ಕಡಲೆ ಗಾತ್ರದ್ದು. ಅಜ್ಜಿಯೇ ಕುಟ್ಟಿಕೊಡುತ್ತೇನೆ ಅಂದಿದ್ದಾಳೆ.